ಮುದುಕಿ ಎದ್ದ ರೀಲು

ಪಿಚ್ಚರ್ ನೋಡಿ ಅಳುವವರನ್ನು ನಾನು ಎಂದೂ ನಂಬಿದವಳಲ್ಲ. ಗುರುತಿಲ್ಲದ ಹೆಂಗಸೊಬ್ಬಳು ಪರದೆಯ ಮೇಲೆ ಸತ್ತಳೆಂದು ಸೆರಗು ತೋಯಿಸಿಕೊಳ್ಳುವವರೇ, ಮನೆಯಲ್ಲಿ ಸೊಸೆ ಜ್ವರ ಬಂದು ಮಲಗಿದರೆ "ಎದ್ದು ರೊಟ್ಟಿ ಬಡಿ" ಅನ್ನುತ್ತಾರೆ. ಅಳುವವರ ಹಣೆಬರಹವೇ ಹೀಗಿದ್ದಾಗ ಅಳಿಸುವವರನ್ನು ಏನು ನಂಬುವುದು? ಅಂಥವಳೊಬ್ಬಳು ನಮ್ಮ ಮನೆಯಲ್ಲೇ ಇದ್ದಳು. ನನ್ನ ಮೈದುನನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಅನ್ನುತ್ತೇವೆ.

ನಾನು ಕಲಿತದ್ದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲೆಯಲ್ಲಿ, ಎರಡನೇ ಇಯತ್ತೆವರೆಗೆ. ಬರೆಯುವುದು ತಡ, ತಪ್ಪೂ ಇರುತ್ತವೆ. ಆದರೆ ಕಣ್ಣಿಂದ ನೋಡಿದ್ದನ್ನು ಮರೆಯುವವಳಲ್ಲ.

ಆಗ ನಾವು ಸೊಲ್ಲಾಪುರದಲ್ಲಿದ್ದೆವು. ಎಪ್ಪತ್ತೆರಡರ ಬರ ಮುಗಿದು ಕೆಲವು ವರ್ಷಗಳಾಗಿದ್ದವು. ಗಂಡಸರು ಪವರ್‌ಲೂಮಿಗೆ ಹೋಗುತ್ತಿದ್ದರು, ಹೆಂಗಸರು ಬೀಡಿ ಕಟ್ಟುತ್ತಿದ್ದೆವು. ನಮ್ಮ ಮನೆಯ ಪಡಸಾಲೆ ಅಗಲವಾಗಿತ್ತು, ತಂಪಾಗಿತ್ತು. ನೆನೆಸಿದ ಬೀಡಿ ಎಲೆ ಅಲ್ಲಿ ಬೇಗ ಒಣಗುತ್ತಿರಲಿಲ್ಲ. ಅದಕ್ಕೇ ಓಣಿಯ ಹೆಂಗಸರು ತಮ್ಮ ತಮ್ಮ ಮರ, ಅಂದರೆ ಕೇರುವ ಮೊರ, ಹಿಡಿದುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ತೊಡೆಯ ಮೇಲೆ ಮರ, ಮರದಲ್ಲಿ ಎಲೆ, ತಂಬಾಕು, ದಾರ, ಕತ್ತರಿ. ನಮ್ಮ ಅತ್ತೆ ಬಾಗಿಲಿಗೆ ಒರಗಿ ಕೂರುತ್ತಿದ್ದರು. ಜೋಳದ ಕೋಣೆಯ ಕೀಲಿ ಅವರ ಸೊಂಟದಲ್ಲಿ. ಜಳಕಕ್ಕೆ ಹೋದರೂ ಅದು ಅವರ ಸಂಗಡವೇ ಹೋಗುತ್ತಿತ್ತು. ನಾನು ಆ ಮನೆಗೆ ಬಂದು ಇಬ್ಬರು ಮಕ್ಕಳನ್ನು ಹಡೆದಿದ್ದೆ, ಒಂದು ದಿನವೂ ಆ ಕೀಲಿಯನ್ನು ಕೈಯಲ್ಲಿ ಹಿಡಿದಿರಲಿಲ್ಲ.

ನೆಗೆಣ್ಣಿ ಮೈಂದರ್ಗಿಯವಳು. ಅವಳ ಅಪ್ಪನದು ಅಲ್ಲಿ ಚಿಕ್ಕ ಕಿರಾಣಿ ಅಂಗಡಿ. ಇವಳ ಹಿಂದೆ ಇನ್ನೂ ಇಬ್ಬರು ತಂಗಿಯರು ಮದುವೆಗೆ ಕಾದಿದ್ದರು. ಬೀಡಿ ಕಟ್ಟುವ ಕೈ ಅವಳಿಗೆ ಇರಲಿಲ್ಲ. ಕಟ್ಟಿದ್ದು ಒಂದು ಸಡಿಲ, ಒಂದು ಬಿಗಿ. ಕಾರಖಾನೆಯ ಚೆಕ್ಕರ್ ಅವಳ ಕಟ್ಟು ಬಿಚ್ಚಿದನೆಂದರೆ ಮುಗಿಯಿತು, ಅರ್ಧಕ್ಕರ್ಧ ಆಚೆ ಎಸೆಯುತ್ತಿದ್ದ. ಅತ್ತೆ ಅವಳನ್ನು "ಸಣ್ಣಾಕಿ" ಅನ್ನುತ್ತಿದ್ದರು, ನನ್ನನ್ನು "ದೊಡ್ಡಾಕಿ". ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಅವಳ ಕೈ ಹೀಗೆ, ಬಾಯಿ ಮಾತ್ರ ಬೇರೆ. ಒಂದು ಸಲ ಮ್ಯಾಟಿನಿ ನೋಡಿ ಬಂದು ಮರುದಿನ ಕತೆ ಹೇಳಲು ಸುರುಮಾಡಿದಳು. ಪಿಚ್ಚರುಗಳೆಲ್ಲ ಹಿಂದಿ. ನಮ್ಮ ಪಡಸಾಲೆಯಲ್ಲಿ ಕನ್ನಡದವರು, ತೆಲುಗಿನವರು, ಮರಾಠಿಯವರು. ಹಿಂದಿ ಪೂರಾ ತಿಳಿದವರು ಯಾರೂ ಇಲ್ಲ. ಇವಳು ಎಲ್ಲರಿಗೂ ತಿಳಿಯುವ ಹಾಗೆ ಹೇಳುತ್ತಿದ್ದಳು. ಕುದುರೆ ಬಂದರೆ ಕತ್ತರಿಯಿಂದ ಮರದ ಅಂಚಿಗೆ ಬಡಿಯುತ್ತಿದ್ದಳು. ಹೀರೋ ಮಾತಾಡಿದರೆ ದನಿ ದಪ್ಪ, ಹೀರೋಯಿನ್ ಮಾತಾಡಿದರೆ ಸೆರಗು ಹಲ್ಲಿಗೆ. ಮಿಲ್ಲಿನ ಭೋಂಗಾ ಕೂಗುವ ಹೊತ್ತು ಅವಳಿಗೆ ಪಕ್ಕಾ ಗೊತ್ತಿತ್ತು. ಹೀರೋನ ಕೈ ಗೋಡೆಯ ತುದಿಯಿಂದ ಜಾರುವುದೂ ಭೋಂಗಾ ಕೂಗುವುದೂ ಒಂದೇ ಆಗುತ್ತಿತ್ತು. "ಉಳದದ್ದು ನಾಳಿ" ಎಂದು ಎದ್ದು ಒಲೆಗೆ ಹೋಗುತ್ತಿದ್ದಳು. ಮರುದಿನ ಹೆಂಗಸರು ಹೊತ್ತಿಗೆ ಮುಂಚೆಯೇ ಬಂದು ಕೂರುತ್ತಿದ್ದರು.

ಕತೆ ಹೇಳುವವಳ ಕೈ ನಿಲ್ಲುತ್ತದಲ್ಲ, ಅದಕ್ಕೆ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡರು. ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಹಿಡಿ ಬೀಡಿ ಅವಳ ಮರಕ್ಕೆ ಹಾಕುವುದು. ಅವಳ ದಿನದ ಕೆಲಸ ತುಂಬುತ್ತಿತ್ತು, ಅದೂ ಒಳ್ಳೆಯ ಕೈಗಳ ಬೀಡಿಯಿಂದ. ಚೆಕ್ಕರ್ ಎಸೆಯುವುದನ್ನು ನಿಲ್ಲಿಸಿದ. ಅತ್ತೆಗೆ ಇಷ್ಟು ಸಾಕಾಯಿತು. ಆದರೆ ನನಗೆ ಸಂಶಯ. ಒಂದು ಚಿಟಿಕೆ ತಂಬಾಕಿಗೆ ಜಡೆ ಹಿಡಿದು ಜಗಳಾಡುವ ಹೆಂಗಸರು ಹಿಡಿ ಹಿಡಿ ಬೀಡಿ ಪುಕ್ಕಟೆ ಹಾಕುತ್ತಾರೆಂದರೆ ಅವಳು ಇವರಿಗೆ ಏನೋ ಮೆತ್ತಿದ್ದಾಳೆ ಅನ್ನಿಸುತ್ತಿತ್ತು.

ಹುಚ್ಚು ಹೆಂಗಸರಿಗೆ ಮಾತ್ರ ಇತ್ತು ಅನ್ನಲಾರೆ. ಲೂಮಿನ ಹುಡುಗರೆಲ್ಲ ಹೀರೋನ ಹಾಗೆ ಕಿವಿಯ ಮೇಲೆ ಕೂದಲು ಬಿಟ್ಟು, ಕೆಳಗೆ ಅಗಲವಾದ ಪ್ಯಾಂಟು ತೊಟ್ಟು ಓಣಿ ಗುಡಿಸುತ್ತಿದ್ದರು. ಒಬ್ಬ ನೇಕಾರ ಚಾದರದ ಮೇಲೆ ಹೀರೋನ ಮುಖವನ್ನೇ ನೇಯ್ದ. ಹೂವು, ನವಿಲು ಬರುವ ಮಗ್ಗದಲ್ಲಿ ಮನುಷ್ಯನ ಮೂಗು ಎಲ್ಲಿಂದ ಬರಬೇಕು? ಮೂಗು ಗಲ್ಲದವರೆಗೆ ಇಳಿಯಿತು. ಆದರೂ ಅದನ್ನು ನೋಡಲು ಬೇರೆ ಓಣಿಯವರು ಬಂದರು. ಹೊದ್ದುಕೊಂಡಾಗ ಆ ಮುಖಕ್ಕೆ ಕಾಲು ತಾಗಿತೆಂದು ಅವನಿಗೂ ಅವನ ತಮ್ಮನಿಗೂ ಹೊಡೆದಾಟವಾಯಿತು.

ಆ ವರ್ಷ ಒಂದು ಪಿಚ್ಚರ್ ಬಂತು. ಅದರಲ್ಲಿ ಒಬ್ಬ ಮುದುಕಿ, ಹೀರೋನ ತಾಯಿ. ಗಂಡ ಸತ್ತ ಮೇಲೆ ಹೊಳೆಯ ದಂಡೆಯಲ್ಲಿ ಖಾನಾವಳಿ ನಡೆಸಿ ಮಗನನ್ನು ಬೆಳೆಸಿರುತ್ತಾಳೆ. ಮೈದುನನಿಗೆ ಅವಳ ಮನೆಯ ಮೇಲೆ ಕಣ್ಣು. ಮನೆಯ ಕೀಲಿ ಅವಳ ಸೆರಗಿನ ತುದಿಯಲ್ಲಿ. ಮೈದುನ ಸುಳ್ಳು ಆರೋಪ ಹೊರಿಸಿ ಮಗನನ್ನು ಜೇಲಿಗೆ ಹಾಕಿಸುತ್ತಾನೆ. ಮಗನಿಗೆ ರೊಟ್ಟಿ ಕೊಡಲು ಹೋಗುವಾಗ ಗಾಡಿ ಬಡಿದು ಮುದುಕಿ ಬೀಳುತ್ತಾಳೆ.

ನೆಗೆಣ್ಣಿ ಇಲ್ಲಿಯವರೆಗೆ ಹೇಳುವಷ್ಟರಲ್ಲಿ ಭೋಂಗಾ ಆಯಿತು. ಭಂಡಾರಕವಠೆಯಿಂದ ಬಂದು ಓಣಿಯಲ್ಲಿ ನೆಲೆಸಿದ್ದ ಒಬ್ಬ ವಿಧವೆ ಇದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದೆವು. ಅವಳು ಮರ ಕೆಳಗಿಟ್ಟು ಎದ್ದು ನಿಂತಳು.

"ಏ ಹುಡುಗಿ, ಆ ಮುದುಕಿ ಸಾಯ್ತಾಳೇನ?"

"ನಾಳಿ ಹೇಳ್ತೀನಿ ಆಯಿ."

"ನಾಳಿ ಗೀಳಿ ನಂಗ ಬ್ಯಾಡ. ಆಕಿ ಸತ್ತಳಂದ್ರ ನನ್ನ ಬೀಡಿ ನನಗ ತಿರುಗಿ ಕೊಡು."

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಮರುದಿನ ನೆಗೆಣ್ಣಿ ಹೇಳಿದ್ದು ಹೀಗೆ: ಮುದುಕಿಯನ್ನು ಸತ್ತಳೆಂದು ಚಟ್ಟದ ಮೇಲೆ ಮಲಗಿಸುತ್ತಾರೆ. ಮೈದುನ ಅಳುತ್ತಾ ಅಳುತ್ತಾ ಸೆರಗಿನ ಕೀಲಿಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ಮುದುಕಿಯ ಮುಷ್ಟಿ ಬಿಗಿಯುತ್ತದೆ. ಬಿಡಿಸಿದಷ್ಟೂ ಬಿಗಿಯುತ್ತದೆ. ಆಮೇಲೆ ಎದ್ದು ಕೂತು ಅವನ ಕೆನ್ನೆಗೆ ಬಾರಿಸುತ್ತಾಳೆ. ಪಡಸಾಲೆಯಲ್ಲಿ ಎಲೆ ಚೆಲ್ಲಿತು, ತಂಬಾಕು ಚೆಲ್ಲಿತು. ನಮ್ಮ ಅತ್ತೆ ನಕ್ಕದ್ದನ್ನು ನಾನು ಆ ದಿನ ಕಂಡೆ. ಅವರ ಕೈ ಸೊಂಟದ ಕೀಲಿಯ ಮೇಲಿತ್ತು. ಆ ಒಂದು ಭಾಗವನ್ನು ವಾರವೆಲ್ಲ ಮತ್ತೆ ಮತ್ತೆ ಹೇಳಿಸಿಕೊಂಡರು.

ಅತ್ತೆ ಗುರುವಾರ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ತಂಗಿಯ ಮನೆ. ಆ ಗುರುವಾರ ಬಸ್ಸಿಳಿದು ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳಿದರು:

"ಸಣ್ಣಾಕಿ ಎಲ್ಲಿ?"

"ಮ್ಯಾಟಿನಿಗೆ ಹೋಗ್ಯಾಳ್ರಿ" ಅಂದೆ.

"ಮ್ಯಾಟಿನಿಗೆ ಹೋಗ್ಯಾಳೋ, ಮತ್ತೆಲ್ಲಿ ಹೋಗ್ಯಾಳೋ. ನನ್ನ ತಂಗಿ ಆ ಪಿಚ್ಚರ್ ಅಕ್ಕಲಕೋಟ್ಯಾಗ ನೋಡ್ಯಾಳ. ಮುದುಕಿ ಗಾಡಿ ಬಡದ ಕೂಡಲೆ ಸಾಯ್ತಾಳಂತ. ಏಳೂದಿಲ್ಲ, ಗೀಳೂದಿಲ್ಲ. ನೋಡಿದಾಕಿ ಹಿಂಗ ಹೇಳ್ತಾಳೇನು? ಈಕಿ ಥೇಟರಿಗೆ ಹೋಗೂದ ಇಲ್ಲ. ಹೊರಗ ಎಲ್ಲೋ ತಿರಗಿ ಬರ್ತಾಳ."

ಪಡಸಾಲೆಯ ಹೆಂಗಸರು ಒಮ್ಮೆಲೇ ಬಾಯಿ ಮಾಡಿದರು. ಅಕ್ಕಲಕೋಟೆಯವರು ರೀಲು ಕತ್ತರಿಸುತ್ತಾರೆ, ಹಳ್ಳಿಯ ಮಂದಿಗೆ ಕಡೆಯ ಬಸ್ಸು ಸಿಗಲಿ ಎಂದು ಪಿಚ್ಚರ್ ಸಣ್ಣದು ಮಾಡುತ್ತಾರೆ, ಇದು ಎಲ್ಲರಿಗೂ ಗೊತ್ತು ಅಂದರು. ಆಯಿಯಂತೂ "ಎದ್ದ ರೀಲ ಕತ್ತರಸಿ ಒಗದಾರ, ಹಾಳಾಗಿ ಹೋಗಲಿ" ಎಂದು ಅಕ್ಕಲಕೋಟೆಯ ದಿಕ್ಕಿಗೆ ಬೆರಳು ಮುರಿದಳು.

ಅತ್ತೆ ಕರಗಲಿಲ್ಲ. "ಸುಳ್ಳಾಗಿದ್ರ ಮರುದಿನ ಮೈಂದರ್ಗಿ ಬಸ್ಸಿಗೆ ಹತ್ತಸೂದು. ತಿರುಗಿ ಕರಿಯೂದಿಲ್ಲ" ಅಂದರು. ಅವಳ ಗಂಡ, ನನ್ನ ಮೈದುನ, ಅಲ್ಲೇ ಇದ್ದ. ತಲೆ ತಗ್ಗಿಸಿ "ಅವ್ವ ಹೇಳಿದ್ದ ಖರೆ" ಅಂದ. ಅವನ ಮಾತು ಯಾವಾಗಲೂ ಅಷ್ಟೇ. ಅವಳು ಹೀಗೆ ತವರಿಗೆ ಹೋದರೆ ಆ ಇಬ್ಬರು ತಂಗಿಯರನ್ನು ನೋಡಲು ಯಾರು ಬರುತ್ತಾರೆ? ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮುಂದಿನ ಮ್ಯಾಟಿನಿಗೆ ಅವಳ ಜೊತೆ ನನ್ನನ್ನು ಕಳಿಸಿದರು, ಕಾವಲಿಗೆ. ನಾನೂ ಅದನ್ನೇ ಬಯಸಿದ್ದೆ. ಅತ್ತೆಗಿಂತ ಮೊದಲಿನಿಂದ ಸಂಶಯಪಟ್ಟವಳು ನಾನು.

ಟಾಕೀಸಿನ ಬಾಗಿಲಲ್ಲಿ ಹೋದ ಕೂಡಲೇ ಒಂದು ಸುಳಿವು ಸಿಕ್ಕಿತು. ಗೇಟ್‌ಕೀಪರ್ ಇವಳನ್ನು ನೋಡಿ "ಬರ್ರಿ ವೈನಿ" ಎಂದು, ಮನೆಯ ಅತ್ತಿಗೆಯನ್ನು ಕರೆದ ಹಾಗೆ, ಬಾಗಿಲ ಪರದೆ ಸರಿಸಿದ. ತಿಕೀಟಿಲ್ಲ. ನನಗೆ ಮಾತ್ರ ತಿಕೀಟು. ನಾನು ಅವಳನ್ನು ಒಳಗೆ ಬಿಟ್ಟು ಅಲ್ಲೇ ನಿಂತು ಅವನನ್ನು ಕೇಳಿದೆ:

"ಆಕಿಗೆ ಯಾಕ ಪುಕ್ಕಟ? ನಿನಗೇನ ಕೊಡ್ತಾಳ ಆಕಿ?"

ಅವನು ಗಾಬರಿಯಾಗಿ ಎರಡೂ ಕೈ ಮುಗಿದ. "ಅಯ್ಯೋ ಅಕ್ಕಾರ, ಹಂಗ ತಿಳೀಬ್ಯಾಡ್ರಿ. ಟಾಂಗಾಕ್ಕ ಮೈಕಿನ ಕರ್ಣಾ ಕಟ್ಟಿ ನಾವು ಊರೆಲ್ಲಾ ಒದರಸ್ತೀವಿ, ಲೇಡೀಸ್ ಕ್ಲಾಸ್ ತುಂಬೂದಿಲ್ಲ. ಈ ವೈನಿ ಬಂದು ಹ್ವಾದ ಮ್ಯಾಲ ನೋಡ್ರಿ, ಬೀಡಿ ವಾಸನಿ ಹೊಡಿಯೂ ಹೆಂಗಸ್ರು ಗುಂಪಗುಂಪ ಬರ್ತಾರ. ಬಂದಾಕಿ ಪ್ರತಿಯೊಬ್ಬಾಕಿ ಕತಿ ಮೊದಲ ಹೇಳ್ತಾಳ. ಗೊತ್ತಿದ್ದ ಕತಿ ನೋಡಾಕ ಯಾಕ ಬರ್ತಾರ ಅಂತ ನನಗೂ ತಿಳೀವಲ್ದು."

ನನಗೆ ತಿಳಿಯಿತು. ಗೊತ್ತಿಲ್ಲದ್ದನ್ನು ನೋಡಲು ನಮ್ಮಂಥವರು ಮನೆ ಬಿಟ್ಟು ಹೋಗುವುದಿಲ್ಲ. ಕೇಳಿದ್ದು ಹಾಗೇ ಇದೆಯೋ ಇಲ್ಲವೋ ಎಂದು ನೋಡಲು ಹೋಗುತ್ತೇವೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ.

ಒಳಗೆ ಹೋಗಿ ಅವಳ ಹಿಂದಿನ ಬಾಕಿನಲ್ಲಿ, ಉದ್ದನೆಯ ಕಟ್ಟಿಗೆ ಬೆಂಚಿನಲ್ಲಿ, ಕೂತೆ. ಪಿಚ್ಚರ್ ಸುರುವಾಯಿತು. ಸ್ವಲ್ಪ ಹೊತ್ತಿಗೆ ನಾನು ಪಿಚ್ಚರ್ ಬಿಟ್ಟು ಅವಳನ್ನೇ ನೋಡತೊಡಗಿದೆ. ಅವಳು ಪರದೆ ನೋಡುತ್ತಿರಲಿಲ್ಲ. ಬಾಕಿನ ಮೇಲೆ ಅಡ್ಡ ಕೂತು ಹೆಂಗಸರ ಮುಖ ನೋಡುತ್ತಿದ್ದಳು. ಯಾರು ಯಾವಾಗ ಕೂಸಿಗೆ ಮೊಲೆ ಕೊಟ್ಟರು, ಯಾರು ಯಾವಾಗ ಎಲೆ-ಅಡಿಕೆ ಚೀಲ ಬಿಚ್ಚಿದರು, ಯಾವಾಗ ಬಿಚ್ಚಿದ ಚೀಲ ಹಾಗೇ ಕೈಯಲ್ಲಿ ಉಳಿಯಿತು, ಎಲ್ಲಾ ನೋಡುತ್ತಿದ್ದಳು. ಹೀರೋ ಕುದುರೆ ಹಾರಿಸಿದ. ಇವಳು ತಿರುಗಿಯೂ ನೋಡಲಿಲ್ಲ.

ಮುದುಕಿಗೆ ಗಾಡಿ ಬಡಿಯಿತು. ಸತ್ತಳು. ಏಳಲಿಲ್ಲ. ಹೀರೋನ ಹೆಂಡತಿ, ಮುದುಕಿಯ ಸೊಸೆ, ಅತ್ತು, ಸತ್ತವಳ ಸೆರಗಿನಿಂದ ಕೀಲಿ ಬಿಚ್ಚಿ ತನ್ನ ಸೆರಗಿಗೆ ಕಟ್ಟಿಕೊಂಡಳು. ಮೈದುನ ಆ ಹೊತ್ತಿಗೆ ಅಲ್ಲಿರಲೇ ಇಲ್ಲ.

ಮನೆಗೆ ಬರುವಾಗ ಕೇಳಿದೆ. "ಯಾಕ ಸುಳ್ಳ ಹೇಳಿದಿ?"

"ಸುಳ್ಳ ಎಲ್ಲಿ ಅಕ್ಕಾ? ಸತ್ತಾಗ ಎಲ್ಲಾರೂ ಸೆರಗ ಮಾರಿಗೆ ಹಚ್ಚಿದ್ರು, ನೋಡಿದಿಲ್ಲ? ಆಮ್ಯಾಲ ಎಷ್ಟ ಚಲೋ ಹಾಡ ಬಂತು, ಒಬ್ಬಾಕಿನೂ ತಲಿ ಎತ್ತಲಿಲ್ಲ. ಮುದುಕಿ ಕಡೀತನಕ ಮನಸಿನ್ಯಾಗ ಕುಂತಳು. ಮಂದಿಗಿ ಆಕಿ ಬೇಕಾಗ್ಯಾಳ. ಪಿಚ್ಚರ್ ಮಾಡಿದವರಿಗೆ ತಿಳೀಲಿಲ್ಲ, ನಾ ಏನ್ ಮಾಡ್ಲಿ?"

"ನಿನಗ ಮೈಂದರ್ಗಿ ಬಸ್ ಬೇಕಾಗ್ಯಾದ. ಅತ್ತಿ ಕಳಸ್ತಾರ ನೋಡು."

ಸ್ವಲ್ಪ ದೂರ ಹೋದ ಮೇಲೆ "ನೀ ಹೇಳ್ತೀ ಏನಕ್ಕಾ?" ಅಂದಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಆಕಿ ಥೇಟರಿನ್ಯಾಗ ಇದ್ದಳ್ರಿ. ನಾ ಹಿಂದ ಕುಂತಿದ್ದೆ" ಅಂದೆ.

"ಮುದುಕಿ ಎದ್ದಳೇನು?"

"ಅದನ್ನ ನೀವ ಹೋಗಿ ನೋಡ್ರಿ."

ಅವಳ ಮೇಲಿನ ಪ್ರೀತಿಯಿಂದ ಹಾಗೆ ಹೇಳಲಿಲ್ಲ. ಎದ್ದಳು ಅಂದಿದ್ದರೆ ಅತ್ತೆ ನಾಳೆ ನನ್ನ ಹಿಡಿಯುತ್ತಿದ್ದರು. ಏಳಲಿಲ್ಲ ಅಂದಿದ್ದರೆ ಅವಳು ಹೋಗುತ್ತಿದ್ದಳು, ಅವಳ ಪಾಲಿನ ನೀರು ಸೇದುವುದು, ಎಲೆ ನೆನೆಸುವುದು ನನ್ನ ಕೊರಳಿಗೆ ಬೀಳುತ್ತಿತ್ತು. ಯಾರ ಸಾಕ್ಷಿಯೂ ಆಗುವುದು ಬೇಡ ಅನ್ನಿಸಿತು.

ಅತ್ತೆ ತಮ್ಮ ಜೀವಮಾನದಲ್ಲಿ ಟಾಕೀಸು ಹತ್ತಿದವರಲ್ಲ. ಆದರೂ ಕಾರಖಾನೆಗೆ ಸೂಟಿ ಇದ್ದ ದಿನ ಹೊರಟರು. ಅವರು ಹೊರಟರೆಂದು ಇಡೀ ಪಡಸಾಲೆ ಹೊರಟಿತು. ಮೇಲಿನ ಲೇಡೀಸ್ ಕ್ಲಾಸ್ ತುಂಬಿ ಹೆಂಗಸರು ನೆಲದ ಮೇಲೂ ಕೂತರು. ಅತ್ತೆ ನಡುವೆ, ಒಂದು ಕಡೆ ನೆಗೆಣ್ಣಿ, ಇನ್ನೊಂದು ಕಡೆ ನಾನು. ನೆಗೆಣ್ಣಿಯ ಕೈ ಅವಳ ಮಡಿಲಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿತ್ತು. ಇಲ್ಲದ ಬೀಡಿ ಕಟ್ಟಿದ ಹಾಗೆ ಬೆರಳು ಆಡುತ್ತಿದ್ದವು.

ಗಾಡಿ ಬಂತು. ಮುದುಕಿ ಬಿದ್ದಳು. ಹೆಂಗಸರೆಲ್ಲ ಉಸಿರು ಹಿಡಿದು ಮುಷ್ಟಿ ಬಿಗಿಯುವುದನ್ನು ಕಾದರು. ಮುಷ್ಟಿ ಬಿಗಿಯಲಿಲ್ಲ. ಚಿತೆ ಹೊತ್ತಿತು.

ಆಯಿ ಬಾಕಿನ ಮೇಲೆ ಹತ್ತಿ ನಿಂತಳು. "ರೀಲ ಕತ್ತರಸ್ಯಾರ! ಇಲ್ಲಿನೂ ಕತ್ತರಸ್ಯಾರ!"

ಅಷ್ಟೇ ಸಾಕಾಯಿತು. ಬಾಕು ಬಡಿದರು, ಚಪ್ಪಲಿ ಬಡಿದರು. ತೆಲುಗಿನವರು ತೆಲುಗಿನಲ್ಲಿ, ಮರಾಠಿಯವರು ಮರಾಠಿಯಲ್ಲಿ ಬೈದರು. ಕೆಳಗಿನ ಗಂಡಸರು ಸಿಳ್ಳೆ ಹೊಡೆದರು. ಪಿಚ್ಚರ್ ನಿಂತಿತು. ಗೇಟ್‌ಕೀಪರ್ ಬ್ಯಾಟರಿ ಹಿಡಿದು ಓಡಿ ಬಂದ.

"ಏನಾತ್ರಿ?"

"ಎದ್ದದ್ದು ಎಲ್ಲಿ?" ಅಂದಳು ಆಯಿ.

"ಯಾರು ಎದ್ದದ್ದು?"

"ಮುದುಕಿ!"

"ಸತ್ತಾಳಲ್ರಿ ಆಯಿ, ಸುಟ್ಟಾರ."

"ಸತ್ತದ್ದು ನಾವೂ ನೋಡೀವಿ. ಎದ್ದದ್ದು ತೋರ್ಸು!"

ಅವನು ಬ್ಯಾಟರಿಯ ಬೆಳಕು ಆಚೆ ಈಚೆ ಬಿಟ್ಟ. ಅದು ನೆಗೆಣ್ಣಿಯ ಮುಖದ ಮೇಲೆ ಬಂದು ನಿಂತಿತು. ಅವಳ ಮುಖ ಬೂದಿಯಾಗಿತ್ತು. ಅವನು ತುಂಬಿದ ಲೇಡೀಸ್ ಕ್ಲಾಸನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. "ನಮ್ಮ ಕಡೆ ಬಂದ ಪ್ರಿಂಟಿನ್ಯಾಗ ಇಷ್ಟ ಅದರಿ" ಅಂದ. ಅವನ ಮನಸ್ಸಿನಲ್ಲಿ ಏನಿತ್ತೋ. ಅವನನ್ನೂ ನಾನು ನಂಬಲಿಲ್ಲ.

ಅತ್ತೆ ನೆಗೆಣ್ಣಿಯ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿದರು. "ಸಣ್ಣಾಕಿ, ನನ್ನ ಮಾರಿ ನೋಡಿ ಹೇಳು. ಎದ್ದಳೋ, ಇಲ್ಲೋ?"

ಅವಳು ಅತ್ತೆಯ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಲು ಸುರುಮಾಡಿದಳು.

"ಚಟ್ಟದ ಮ್ಯಾಲ ಮಲಗಸ್ಯಾರ್ರಿ ಅತ್ತಿ. ಹಣಿಮ್ಯಾಗ ಭಂಡಾರ. ಮೈದುನ ಬಾಯಿಲೆ 'ವೈನಿ, ವೈನಿ' ಅಂತಾನ, ಕೈಲೆ ಸೆರಗ ಹುಡಕತಾನ. ಗಂಟ ಸಿಕ್ತು. ಒಂದ ಸುತ್ತ ಬಿಚ್ಚಿದ. ಆಗ ಆಕಿ ಕಿರಬೆರಳ..."

ಬಾಕು ಬಡಿಯುವುದು ನಿಂತಿತು. ಕೆಳಗಿನ ಗಂಡಸರ ಸಿಳ್ಳೆಯೂ ನಿಂತಿತು. ಖಾಲಿ ಪರದೆಯ ಮುಂದೆ ಅವಳು ಆ ಮುಷ್ಟಿಯನ್ನು ಬಿಗಿಸಿದಳು, ಮುದುಕಿಯನ್ನು ಎಬ್ಬಿಸಿದಳು, ಕೆನ್ನೆಗೆ ಹೊಡೆಸಿದಳು. ಆಯಿ ಚಪ್ಪಾಳೆ ತಟ್ಟಿದಳು. ಹಿಂದೆ ಯಾರೋ ಅಳುವುದು ಕೇಳಿಸಿತು. ಪಿಚ್ಚರ್ ಓಡುವಾಗ ಅಷ್ಟು ಜನ ಅತ್ತಿರಲಿಲ್ಲ.

ಅತ್ತೆ ಗದ್ದ ಬಿಟ್ಟರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕೇಳಿದ್ರಿಲ್ಲೋ? ಕಣ್ಣಾರೆ ನೋಡದಾಕಿಗೆ ಹಿಂಗ ಹೇಳಾಕ ಬರೂದಿಲ್ಲ. ನಮ್ಮ ಸಣ್ಣಾಕಿ ನೋಡಿದಾಗ ರೀಲ ಇತ್ತು. ಆಮ್ಯಾಲ ಕತ್ತರಸ್ಯಾರ." ಗೇಟ್‌ಕೀಪರನಿಗೆ "ಹೋಗು, ಉಳದದ್ದರ ತೋರ್ಸು" ಅಂದರು.

ಮೈಂದರ್ಗಿ ಬಸ್ಸಿನ ಮಾತು ಅಲ್ಲಿಗೆ ಸತ್ತಿತು. ನೆಗೆಣ್ಣಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ನಾನು ಪರದೆ ನೋಡಿದೆ.

ಆ ಪಿಚ್ಚರ್ ನಮ್ಮ ಊರಿನಲ್ಲಿ ಮತ್ತೆ ಬಹಳ ದಿನ ಓಡಿತು. ಕತ್ತರಿಸಿದ ರೀಲು ತಿರುಗಿ ಹಚ್ಚಿದ್ದಾರೋ ಇಲ್ಲವೋ ಎಂದು ನೋಡಲು ಬೇರೆ ಬೇರೆ ಓಣಿಯ ಹೆಂಗಸರು ಬಂದರು. ಹಚ್ಚಿಲ್ಲವೆಂದು ಬೈದು ಹೋದವರು ಮುಂದಿನ ವಾರ ಮತ್ತೆ ಬಂದರು. ಮುಂಬೈಯಲ್ಲಿ ಕೂತು ಪಿಚ್ಚರ್ ಮಾಡಿದವರು ತಮ್ಮ ಹೀರೋನಿಂದ ಓಡಿತೆಂದು ತಿಳಿದಿರಬೇಕು. ತಿಳಿಯಲಿ.

ಆ ದಿನ ಮನೆಗೆ ನಡೆದು ಬರುವಾಗಿನ ಮಾತು ಒಂದು ಉಳಿದಿದೆ. ಪಿಚ್ಚರ್ ತಿರುಗಿ ಸುರುವಾದಾಗ ಕೀಲಿ ಸೊಸೆಯ ಸೆರಗಿನಲ್ಲಿ ಕಾಣಿಸಿತ್ತು. ಅತ್ತೆ ಅದನ್ನು ನೋಡಿದ್ದರು. ಮಿಲ್ಲಿನ ಗೋಡೆ ದಾಟಿದ ಮೇಲೆ ಕೇಳಿದರು:

"ಅಲ್ಲ ಸಣ್ಣಾಕಿ, ಮುದುಕಿ ಎದ್ದ ಮ್ಯಾಲ ಕೀಲಿ ಯಾರ ಕಡೆ ಇತ್ತು? ಸೊಸಿ ಕಡೆ ಹ್ಯಾಂಗ ಬಂತು?"

"ಅದೂ ಕತ್ತರಿಸಿದ್ರಾಗ ಹೋಗ್ಯಾದ್ರಿ. ಸೊಸಿ ತಿರುಗಿ ಕೊಡ್ತಾಳ್ರಿ. ಕಡೀತನಕ ಮುದುಕಿ ಕಡೆನ ಇರ್ತದ."

"ಹಂಗ ಇರಬೇಕು" ಅಂದರು ಅತ್ತೆ.

ನೆಗೆಣ್ಣಿ ರಸ್ತೆ ನೋಡುತ್ತಿರಲಿಲ್ಲ. ಬಾಕಿನ ಮೇಲೆ ಕೂತ ಹಾಗೆಯೇ ಅಡ್ಡಡ್ಡ ನಡೆಯುತ್ತಾ ಅತ್ತೆಯ ಮುಖ ನೋಡುತ್ತಿದ್ದಳು. ಮುದುಕಿಯನ್ನು ಯಾರಿಗಾಗಿ ಎಬ್ಬಿಸಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಆಯಿಗಾಗಿ ಅಲ್ಲ.

ಅತ್ತೆ ಖರೇನೇ ನಂಬಿದರೋ, ಪಡಸಾಲೆ ತುಂಬಿರಲಿ ಎಂದು ನಂಬಿದ ಹಾಗೆ ಮಾಡಿದರೋ, ಅದು ಮಾತ್ರ ಇವತ್ತಿಗೂ ತಿಳಿದಿಲ್ಲ. ಮನೆ ಮುಟ್ಟಿದ ಮೇಲೆ ಸೊಂಟದ ಕೀಲಿ ತೆಗೆದು ನೆಗೆಣ್ಣಿಯ ಕೈಗೆ ಕೊಟ್ಟು "ಹೋಗು, ಜ್ವಾಳ ತೆಗಿ" ಅಂದರು. ಅವಳು ಜೋಳ ತೆಗೆದು, ಬಾಗಿಲು ಹಾಕಿ, ಕೇಳುವ ಮೊದಲೇ ಕೀಲಿಯನ್ನು ತಂದು ಅತ್ತೆಯ ಕೈಗೆ ತಿರುಗಿ ಕೊಟ್ಟಳು. ನಾನು ಒಲೆ ಹಚ್ಚಿದೆ.